ಸಾಕು

ನೂರರಿಂದ ಶುರು ಇಲ್ಲಿ.
ಯಾರೂ ಅಂಕ ಗಳಿಸುವುದಿಲ್ಲ,
ಕಳೆದುಕೊಳ್ಳುತ್ತಾರೆ, ಅಷ್ಟೆ.
ಲ್ಯಾಂಡ್‌ರೋವರಿನ ಗಾಜಿನ ಹಿಂದೆ ತೀರ್ಪುಗಾರ
ಥರ್ಮಾಸಿನ ಚಹಾ ಊದಿ ಊದಿ ಕುಡಿಯುತ್ತ
ಕುರಿ ಸೊಟ್ಟ ಹೆಜ್ಜೆ ಇಟ್ಟರೆ ಅರ್ಧ,
ನಾಯಿ ತಿರುಗಿ ನೋಡಿದರೆ ಒಂದು,
ಹೀಗೆ ಪೆನ್ಸಿಲಿನಲ್ಲಿ ಕಳೆಯುತ್ತ ಹೋಗುತ್ತಾನೆ.

ಬಾಲಾ ಪೇಟೆಯಾಚೆ, ವೇಲ್ಸಿನ ಗುಡ್ಡ.
ಆಗಸ್ಟಿನಲ್ಲೂ ಕೋಟು ಬಿಚ್ಚಗೊಡದ ಗಾಳಿ.
ಗೂಟದ ಬಳಿ ಇಡ್ವಾಲ್ ಪ್ರಾಸರ್,
ಎಪ್ಪತ್ತೊಂದು, ಎಡಮಂಡಿಯೊಳಗೆ ಸ್ಟೀಲು.
ಪಕ್ಕದಲ್ಲಿ ಮೋಟ್, ಹನ್ನೊಂದು,
ಕಪ್ಪು ಮೋರೆಗೆ ಹಿಟ್ಟು ಮೆತ್ತಿದ ಹಾಗೆ ನರೆ.

ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು
ಒಬ್ಬನೇ ಮುಚ್ಚಿಟ್ಟಿದ್ದಾನೆ.

ಏಪ್ರಿಲಿನಲ್ಲಿ ಕೊಟ್ಟಿಗೆಯ ತಗಡಿನ ಬಾಗಿಲು
ಗಾಳಿಗೆ ಧಡಾರನೆ ಬಡಿದಾಗ
ಕೋಳಿಗಳು ಹಾರಿದವು, ಕುರಿಮರಿಗಳು ಚೆದುರಿದವು,
ಬಾಗಿಲ ಬುಡದಲ್ಲೇ ಮಲಗಿದ್ದ ಮೋಟ್
ಕಿವಿಯನ್ನೂ ಅಲುಗಿಸಲಿಲ್ಲ.
ಇಡ್ವಾಲ್ ಬಕೆಟ್ಟು ಕೆಳಗಿಟ್ಟ.
ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದ. ಜೋರಾಗಿ ಕರೆದ.
ಆಮೇಲೆ, ಯಾಕೋ, ಬೈದ.
ಬೈಗುಳವೂ ಕೇಳಿಸಿಲ್ಲವೆಂದು ತಿಳಿದು
ನಾಚಿಕೊಂಡ.

ಹಾಗಾದರೆ ಚಳಿಗಾಲವೆಲ್ಲ ಊದಿದ ಸೀಟಿಗಳು?
ಎಡಕ್ಕೊಂದು, ಬಲಕ್ಕೊಂದು, ಮಲಗು ಎನ್ನುವ ಉದ್ದನೆಯದು,
ಹಲ್ಲುಕಟ್ಟು ಹೊಸದಾದಾಗ
ಕನ್ನಡಿ ಮುಂದೆ ಕೂತು ಮೊದಲಿಂದ ಕಲಿತದ್ದು?
ಅಷ್ಟು ದಿನ ಅದು ಕೇಳಿದ್ದು ಏನನ್ನು?
ಅವನ ಭುಜವನ್ನಿರಬೇಕು.
ಕುರಿಗಳ ಕಿವಿಗಳನ್ನಿರಬೇಕು.
ಊದುವ ಮುನ್ನ ಅವನ ಎದೆ ಉಬ್ಬುವುದನ್ನು.

‘ಇನ್ನು ಬೇಡ ಅಪ್ಪ’ ಎಂದಿದ್ದಳು ಮೆರೆರಿದ್.
‘ಇದೊಂದು ಸಲ’ ಎಂದ.
ಹೋದ ಸಲವೂ ಅದನ್ನೇ ಎಂದಿದ್ದ.

ಈಗ ಬಿಟ್ಟ.
ಎರಡು ಬೆರಳಲ್ಲಿ ತೊಡೆ ತಟ್ಟಿದ್ದಷ್ಟೇ,
ಹುಲ್ಲಿಗೆ ಹೊಟ್ಟೆ ತಾಗಿಸಿ ಮೋಟ್
ಬಿಲ್ಲಿನಂತೆ ಬಾಗಿದ ದಾರಿಯಲ್ಲಿ
ನಾನೂರು ಗಜ ಮೇಲೇರಿ, ಜರೀಗಿಡಗಳಲ್ಲಿ ಮುಳುಗಿ,
ಐದು ಕುರಿಗಳ ಆಚೆ ಎದ್ದಿತು.
ಇಡ್ವಾಲ್ ಸೀಟಿ ಊದುತ್ತಲೇ ಇದ್ದ,
ತೀರ್ಪುಗಾರನಿಗಾಗಿ, ಬೇಲಿಗೆ ಆತು ನಿಂತವರಿಗಾಗಿ,
ಪ್ರತಿ ಸೀಟಿಯೂ
ನಾಯಿ ಮಾಡಿ ಮುಗಿಸಿದ ಅರೆಗಳಿಗೆಗೆ.
ಊರಿಗೆಲ್ಲ ಅಪ್ಪಣೆಯಂತೆ ಕೇಳಿದ್ದು
ಅವನ ಒಪ್ಪಿಗೆ.

ಮೊದಲ ಗೇಟು ದಾಟಿತು.
ಅವನ ಬೆನ್ನ ಹಿಂದಿನಿಂದ ಸುತ್ತಿ
ಮತ್ತೆ ದೂರ ಅಟ್ಟಿಕೊಂಡು ಹೋಯಿತು.
ಕಳೆದದ್ದು ಎಂಟೂವರೆ.
ಬೇಲಿಯ ಬಳಿ ಯಾರೋ ಪೈಪು ಬಾಯಿಂದ ತೆಗೆದು
ಮತ್ತೆ ಇಡುವುದನ್ನು ಮರೆತರು.

ಅಡ್ಡಗೇಟಿನ ಹತ್ತಿರ, ಇನ್ನೂರು ಗಜದಲ್ಲಿ,
ಮೋಡದ ನೆರಳೋ, ಕಣ್ಣಿಗೆ ಬಿದ್ದ ಬಿಸಿಲೋ,
ಒಂದು ಕುರಿ ಕಾಲು ಅಪ್ಪಳಿಸಿತು.
ಮೋಟ್ ನಿಂತಿತು. ತಿರುಗಿ ನೋಡಿತು.
ಒಂದು ಅಂಕ.
ಅವನು ಬಲಕ್ಕೆ ಊದಿದ. ಊದಿದ.
ನಾಯಿ ನೋಡುತ್ತಲೇ ಇತ್ತು,
ಆ ದೂರಕ್ಕೆ ಅವನೊಂದು ಗೂಟ,
ಪಕ್ಕದಲ್ಲಿ ಇನ್ನೊಂದು ಗೂಟ,
ತನ್ನದು ಯಾವುದೆಂದು ಹುಡುಕುವ ಹಾಗೆ.

ಗೂಟ ಬಿಟ್ಟು ಕದಲಿದರೆ ಆಟ ಮುಗಿಯಿತು. ನಿಯಮ.
ಇಡ್ವಾಲ್ ಸೀಟಿಯನ್ನು ಜೇಬಿಗೆ ಹಾಕಿದ.
ನಡೆದ.
ಇನ್ನೂರು ಗಜ, ಸ್ಟೀಲಿನ ಮಂಡಿ, ಎಲ್ಲರೆದುರು.
ಉಳಿದ ತೊಂಬತ್ತೂವರೆಯನ್ನು
ತೀರ್ಪುಗಾರ ಒಂದೇ ಗೀಟಿನಲ್ಲಿ ಹೊಡೆದುಹಾಕಿದ.

ಕೆಲಸ ಮುಗಿಯಿತೆನ್ನಲು ಅಲ್ಲಿಯ ಜನಕ್ಕೊಂದು ಮಾತಿದೆ,
ದಿನಕ್ಕೆ ಹತ್ತು ಸಲ ಆಡಿ ಸವೆದದ್ದು.
ಸಾಕು ಎಂದು ನಿಲ್ಲಿಸುವುದಕ್ಕೂ
ಸಾಕು ಎಂದು ಮರಿಯನ್ನು ಕೈಗಿಡುವುದಕ್ಕೂ
ಒಂದೇ ಪದವಿರುವ ನುಡಿಯೊಂದು ಇದೆಯೆಂದು
ಅವನಿಗೆ ಯಾರೂ ಹೇಳಿಲ್ಲ.

ಮೋಟ್ ಕುರಿಗಳನ್ನು ಹಿಡಿದಿಟ್ಟೇ ಇತ್ತು,
ನಡುಗುವ ಮುಂಗಾಲೊಂದನ್ನು ಗಾಳಿಯಲ್ಲಿ ಎತ್ತಿ.
ಹೆಗಲ ಮೇಲೆ ಅಂಗೈ ಇಟ್ಟ.
ಆ ಮಾತನ್ನು ಹೇಳಿದ, ವೆಲ್ಷ್‌ನಲ್ಲಿ, ಕೇಳದ ಕಿವಿಗೆ,
ಎರಡು ಸಲ.
ಅದು ಕುರಿಗಳಿಂದ ಕಣ್ಣು ಕೀಳಲಿಲ್ಲ.
ಎತ್ತಿದ ಕಾಲನ್ನು ಮಾತ್ರ
ನೆಲಕ್ಕಿಟ್ಟಿತು.

ಇಬ್ಬರೂ ಇಳಿದು ಬರುವಾಗ
ಗೂಟದ ಬಳಿ ಆಗಲೇ ಮುಂದಿನ ಹುಡುಗ
ಸೀಟಿಯ ಎಂಜಲನ್ನು ತೋಳಿಗೆ ಒರೆಸುತ್ತಿದ್ದ.